ಗೋಡೆಗೂ ಕಾಂಪೌಂಡಿಗೂ ನಡುವಿನ ಮಣ್ಣು

ಚೆನ್ನೈನಲ್ಲಿ ಮನೆ ಜಾಗವನ್ನು ಅಳೆಯುವುದು ಇಂದಿಗೂ ‘ಗ್ರೌಂಡ್’ ಲೆಕ್ಕದಲ್ಲಿ. ಒಂದು ಗ್ರೌಂಡ್ ಎಂದರೆ 2,400 ಚದರ ಅಡಿ, ನಮ್ಮ ನಲವತ್ತು–ಅರವತ್ತರ ಸೈಟಿನಷ್ಟು. ಆ ಊರಿನಲ್ಲಿ ವರ್ಷಕ್ಕೆ ಸರಾಸರಿ 1,400 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ಅದರ ದೊಡ್ಡ ಪಾಲು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನದು. ಹಾಗಾದರೆ ಒಂದೊಂದು ಗ್ರೌಂಡಿನ ಮೇಲೂ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಹೆಚ್ಚು ನೀರು ಬೀಳುತ್ತದೆ. 12,000 ಲೀಟರಿನ ಟ್ಯಾಂಕರ್‌ಗೆ ತುಂಬಿಸಿದರೆ ಇಪ್ಪತ್ತೈದು ಲಾರಿಯಾದರೂ ಆದೀತು. ಇಷ್ಟು ಮಳೆ ಕಾಣುವ ಊರಿನ ನಾಲ್ಕೂ ಜಲಾಶಯಗಳು, ಅಂದರೆ ಪೂಂಡಿ, ಚೋಳವರಂ, ಪುಳಲ್ ಮತ್ತು ಚೆಂಬರಂಬಾಕ್ಕಂ, 2019ರ ಬೇಸಿಗೆಯಲ್ಲಿ ಬತ್ತಿಹೋದವು. ಆ ಜುಲೈನಲ್ಲಿ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ನೀರು ತರಿಸಬೇಕಾಯಿತು. ಅದಕ್ಕೆ ಮೂರೂವರೆ ವರ್ಷ ಮೊದಲು, 2015ರ ಡಿಸೆಂಬರ್ ಆರಂಭದಲ್ಲಿ, ಅದೇ ಊರಿನ ಜನ ಮೊದಲ ಮಹಡಿಯ ಬಾಲ್ಕನಿಯಿಂದ ದೋಣಿಗೆ ಇಳಿದಿದ್ದರು. ಈ ಎರಡು ವಿಪತ್ತುಗಳ ಬಗ್ಗೆ ಮಾತಾಡುವಾಗ ನಾವು ಜಲಾಶಯದ ಗೇಟು, ಒತ್ತುವರಿಯಾದ ಕೆರೆ, ಹೂಳು ತುಂಬಿದ ನದಿ ಎನ್ನುತ್ತೇವೆ. ಅವೆಲ್ಲ ನಿಜ. ಆದರೆ ಲಕ್ಷಾಂತರ ನಿವೇಶನಗಳ ಮೇಲೆ ಬೀಳುವ ಆ ಮೂರು ಲಕ್ಷ ಲೀಟರ್ ನೀರು ಇಂಗಬೇಕೋ, ರಸ್ತೆಗೆ ನುಗ್ಗಬೇಕೋ ಎಂಬುದು ತೀರ್ಮಾನವಾಗುವುದು ಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಕಿರಿದಾದ ಜಾಗದಲ್ಲಿ. ಸ್ಥಳೀಯ ಆಡಳಿತ ತನ್ನ ಕಣ್ಣನ್ನು ಮೊದಲು ನೆಡಬೇಕಾದದ್ದು ಅಲ್ಲಿ, ಮತ್ತು ಆ ಜಾಗವನ್ನು ಯಾವ ಬೆಲೆಗೂ ಮಾರಬಾರದು ಎಂಬುದು ಈ ಲೇಖನದ ವಾದ.

ಕಾನೂನಿನಲ್ಲಿ ಕೊರತೆ ಇಲ್ಲ. 2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಸಂಯೋಜಿತ ಅಭಿವೃದ್ಧಿ ಮತ್ತು ಕಟ್ಟಡ ನಿಯಮಗಳು ಇಡೀ ರಾಜ್ಯಕ್ಕೆ ಒಂದೇ ಅಳತೆಗೋಲು ಕೊಟ್ಟವು. ಮುಂದೆ, ಹಿಂದೆ, ಪಕ್ಕದಲ್ಲಿ ಎಷ್ಟೆಷ್ಟು ಜಾಗ ಬಿಡಬೇಕು, ಚಾವಣಿಯ ನೀರನ್ನು ಎಲ್ಲಿಗೆ ಇಳಿಸಬೇಕು ಎಂಬುದೆಲ್ಲ ಅದರಲ್ಲಿದೆ. 3,000 ಚದರ ಮೀಟರ್ ಮೀರಿದ ನಿವೇಶನದಲ್ಲಿ ಶೇ 10ರಷ್ಟನ್ನು ಸಾರ್ವಜನಿಕ ಬಯಲಾಗಿ ಮೀಸಲಿಡಬೇಕು. 10,000 ಚದರ ಮೀಟರ್ ದಾಟಿದರೆ ಹಣ ಕಟ್ಟಿ ತಪ್ಪಿಸಿಕೊಳ್ಳುವಂತಿಲ್ಲ, ಜಾಗವನ್ನೇ ಬಿಟ್ಟುಕೊಡಬೇಕು. ಮಳೆನೀರು ಇಂಗಿಸುವ ವಿಧಿಗಳಲ್ಲಿ ಎಷ್ಟು ಸಣ್ಣ ವಿವರ ಇದೆಯೆಂದರೆ, ಅಂಗಳದ ನೀರು ಬೀದಿಗೆ ಹರಿಯದಂತೆ ಗೇಟಿನ ಅಡಿ ಏಳೂವರೆ ಸೆಂಟಿಮೀಟರ್ ಎತ್ತರದ ಪುಟ್ಟ ಕಟ್ಟೆ ಇರಬೇಕೆಂದೂ ಹೇಳಲಾಗಿದೆ. ಅನುಭವ ಇದ್ದವರು ಬರೆದ ನಿಯಮ ಅದು. ಇನ್ನು ಸೆಟ್‌ಬ್ಯಾಕ್ ಎಂದು ನಾವು ಕರೆಯುವ ಈ ಜಾಗ ಕೇವಲ ನೀರಿಗೆ ಸಂಬಂಧಿಸಿದ್ದೂ ಅಲ್ಲ. ಪಕ್ಕದ ಮನೆಯ ಅಡುಗೆಕೋಣೆಗೆ ಬೆಳಕು ಬರುವುದು, ಬೆಂಕಿ ಬಿದ್ದಾಗ ಅಗ್ನಿಶಾಮಕ ಸಿಬ್ಬಂದಿ ಹಿಂಬದಿಗೆ ಹೋಗುವುದು, ಒಂದು ನುಗ್ಗೆಯೋ ತೆಂಗೋ ಬೇರು ಬಿಡುವುದು ಎಲ್ಲಕ್ಕೂ ಅದೇ ದಾರಿ.

ಆ ಜಾಗ ಕಣ್ಮರೆಯಾಗುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಅಣ್ಣಾನಗರವೋ ವೇಲಚ್ಚೇರಿಯೋ, ಒಂದು ಗ್ರೌಂಡಿನಲ್ಲಿ ಎದ್ದ ಎಂಟು ಮನೆಗಳ ಕಟ್ಟಡ ಎಂದಿಟ್ಟುಕೊಳ್ಳಿ. ಮಂಜೂರಾದ ನಕ್ಷೆಯಲ್ಲಿ ಸುತ್ತಲೂ ಮಣ್ಣಿದೆ. ಗೃಹಪ್ರವೇಶದ ಹೊತ್ತಿಗೆ ಪಕ್ಕದ ಜಾಗದಲ್ಲಿ ನೆಲದಡಿಯ ಸಂಪು ಬಂದಿರುತ್ತದೆ, ಹಿಂಬದಿಯಲ್ಲಿ ಜನರೇಟರ್‌ಗೆ ಕಾಂಕ್ರೀಟ್ ಹಾಸು. ವರ್ಷದೊಳಗೆ ಕೆಸರು ಮೆತ್ತುತ್ತದೆಂದು ಉಳಿದ ಮಣ್ಣಿಗೆ ಇಂಟರ್‌ಲಾಕ್ ಟೈಲ್ಸ್ ಬೀಳುತ್ತದೆ. ಅದರ ಸಂದು ಸಿಮೆಂಟಿನಿಂದ ಮುಚ್ಚುತ್ತದೆ, ಏಕೆಂದರೆ ಸಂದಿನಲ್ಲಿ ಹುಲ್ಲು ಬರುತ್ತದೆ. ಇಂಗುಗುಂಡಿಯ ಮುಚ್ಚಳದ ಮೇಲೆ ಎರಡನೇ ಕಾರು ನಿಲ್ಲುತ್ತದೆ. ರಸ್ತೆಗೆ ಹೊಸ ಡಾಂಬರು ಬೀಳುವಾಗ ಹಳೆಯ ಪದರ ಕೆರೆಯದೆ ಅದರ ಮೇಲೆಯೇ ಹಾಕುವುದರಿಂದ ರಸ್ತೆಯ ಮಟ್ಟ ಮೇಲಕ್ಕೆ ಹೋಗುತ್ತದೆ. ರಸ್ತೆಯ ನೀರು ಒಳಗೆ ಬರಬಾರದೆಂದು ಮನೆಯವರು ಅಂಗಳವನ್ನೂ ಎತ್ತರಿಸಿ ಬೀದಿ ಕಡೆಗೆ ಇಳಿಜಾರು ಮಾಡುತ್ತಾರೆ. ಇಲ್ಲಿ ಯಾರೂ ದೊಡ್ಡ ಅಪರಾಧ ಮಾಡಿಲ್ಲ. ಒಬ್ಬೊಬ್ಬರೂ ತಮ್ಮ ಅನುಕೂಲಕ್ಕೆ ಒಂದೊಂದು ಸಣ್ಣ ಕೆಲಸ ಮಾಡಿಕೊಂಡಿದ್ದಾರೆ. ಇಂಥ ಹತ್ತು ಲಕ್ಷ ಸಣ್ಣ ಕೆಲಸಗಳನ್ನು ಯಾವ ದೊಡ್ಡ ನದಿ ಯೋಜನೆಯೂ ಸರಿದೂಗಿಸಲಾರದು. ಇದನ್ನು ತಡೆಯಬಲ್ಲ ಏಕೈಕ ಸಂಸ್ಥೆ ಆ ಬೀದಿಯ ಆಡಳಿತ ನಡೆಸುವ ಪಾಲಿಕೆ.

ತಡೆಯಲು ಸಾಧ್ಯವೇ ಎಂಬ ಪ್ರಶ್ನೆಗೆ ಚೆನ್ನೈ ತಾನೇ ಒಮ್ಮೆ ಉತ್ತರ ಕೊಟ್ಟಿದೆ. ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹ ಕಡ್ಡಾಯ ಎಂಬ ನಿಯಮ 2001ರಲ್ಲಿಯೇ ಬಂದಿತ್ತು. 2003ರ ಜುಲೈನಲ್ಲಿ ಜಯಲಲಿತಾ ಸರ್ಕಾರ ಸುಗ್ರೀವಾಜ್ಞೆ ತಂದು ಹಳೆಯ ಕಟ್ಟಡಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಆಗಸ್ಟ್ ಕೊನೆಯೊಳಗೆ ವ್ಯವಸ್ಥೆ ಆಗಬೇಕು. ಇಲ್ಲದಿದ್ದರೆ ಸ್ಥಳೀಯ ಸಂಸ್ಥೆಯೇ ಮಾಡಿಸಿ ಖರ್ಚನ್ನು ಆಸ್ತಿ ತೆರಿಗೆಯಂತೆ ವಸೂಲಿ ಮಾಡಬಹುದು, ನೀರಿನ ಸಂಪರ್ಕವನ್ನೂ ಕಡಿಯಬಹುದು. ಗಡುವು ಅಕ್ಟೋಬರ್‌ವರೆಗೆ ಸ್ವಲ್ಪ ಮುಂದೆ ಹೋಯಿತು, ಕೈಬಿಟ್ಟುಹೋಗಲಿಲ್ಲ. ಅಧಿಕಾರಿಗಳು ಮನೆಮನೆಗೆ ಬಂದರು. ಪ್ಲಂಬರ್‌ಗಳಿಗೂ ಮೇಸ್ತ್ರಿಗಳಿಗೂ ಕೈತುಂಬ ಕೆಲಸವಾಯಿತು. ಹೇಗೆ ಮಾಡಬೇಕೆಂದು ಕೇಳುವವರಿಗೆ ಶೇಖರ್ ರಾಘವನ್ ಅವರ ಆಕಾಶಗಂಗಾ ಟ್ರಸ್ಟ್ 2002ರಲ್ಲಿ ಮಂದವೇಲಿಯಲ್ಲಿ ತೆರೆದಿದ್ದ ಮಳೆ ಕೇಂದ್ರವಿತ್ತು. ಅಲ್ಲಿ ಹೋಗಿ ಮಾದರಿ ನೋಡಿ ಬರಬಹುದಿತ್ತು. ಮುಂದಿನ ವರ್ಷಗಳಲ್ಲಿ ನಗರದ ಬಾವಿಗಳಲ್ಲಿ ನೀರಿನ ಮಟ್ಟ ಏರಿತು, ಕರಾವಳಿಯ ಬಡಾವಣೆಗಳಲ್ಲಿ ಬಾವಿನೀರಿನ ಉಪ್ಪು ಕಡಿಮೆಯಾಯಿತು. ಅದರಲ್ಲಿ 2005ರ ಭಾರಿ ಮಳೆಯ ಪಾಲೂ ದೊಡ್ಡದಿದೆ, ಎಲ್ಲ ಶ್ರೇಯಸ್ಸನ್ನೂ ಸುಗ್ರೀವಾಜ್ಞೆಗೆ ಕೊಡಲಾಗದು. ಆದರೂ ಅಷ್ಟು ಮಳೆ ಬಂದಾಗ ಅದು ಒಳಗೆ ಇಳಿಯಲು ಬಾಯಿ ತೆರೆದಿತ್ತು ಎಂಬುದೇ ಮುಖ್ಯ.

ಆ ಯಶಸ್ಸಿನ ಕಾರಣಗಳನ್ನು ಬಿಡಿಸಿ ನೋಡಿದರೆ ಇಂದಿಗೂ ಪಾಠವಿದೆ. ನಿಯಮ ಎಲ್ಲರಿಗೂ ಒಂದೇ ಆಗಿತ್ತು. ಸರ್ಕಾರಿ ಕಟ್ಟಡಕ್ಕೂ ವಿನಾಯಿತಿ ಇರಲಿಲ್ಲ. ಕಟ್ಟಬೇಕಾದದ್ದು ಒಂದು ಕುಟುಂಬಕ್ಕೆ ಎಟಕುವ ಖರ್ಚಿನದು. ಮಾಡದಿದ್ದರೆ ಆಗುವ ತೊಂದರೆ ನೇರವಾಗಿ ನಲ್ಲಿಗೆ ಸಂಬಂಧಿಸಿದ್ದು. ಎಲ್ಲಕ್ಕಿಂತ ಮುಖ್ಯವಾಗಿ, ಹಣ ಕಟ್ಟಿ ಬಿಡಿಸಿಕೊಳ್ಳುವ ದಾರಿ ಇರಲಿಲ್ಲ. ನಂತರ ಆದದ್ದೇನು? ಅಧಿಕಾರಿಗಳು ಮತ್ತೆ ಬರಲಿಲ್ಲ. ಇಂಗುಗುಂಡಿ ಎಂಬುದು ಒಮ್ಮೆ ಕಟ್ಟಿ ಮರೆಯುವ ವಸ್ತುವಲ್ಲ. ಜಲ್ಲಿಯ ಮೇಲಿನ ಮರಳಿನ ಪದರದಲ್ಲಿ ಎರಡು ಮಳೆಗಾಲದಲ್ಲೇ ಹೂಳು ಕಟ್ಟುತ್ತದೆ, ಎಲೆ ಕೊಳೆತು ಪೈಪು ಮುಚ್ಚುತ್ತದೆ. ಮಳೆಗೆ ಮುಂಚೆ ಅದನ್ನು ತೆಗೆದು ತೊಳೆದು ಹಾಕಬೇಕು. ಹಾಗೆ ತೊಳೆದಿದೆಯೇ ಎಂದು ಕೇಳುವವರಿಲ್ಲದ ಮೇಲೆ ಕಟ್ಟಿದ್ದು ಹೆಸರಿಗೆ ಉಳಿಯಿತು. ಹೊಸ ಕಟ್ಟಡಗಳಲ್ಲಿ ನಕ್ಷೆ ಮಂಜೂರಾತಿಗೆಂದು ಗುಂಡಿಯ ಚಿತ್ರ ಬಂತು, ನೆಲದಲ್ಲಿ ಎರಡಡಿ ಆಳದ ತೊಟ್ಟಿ ಬಂತು. 2019ರಲ್ಲಿ ಜಲಾಶಯ ಬತ್ತಿದಾಗ ಮಳೆನೀರು ಸಂಗ್ರಹದ ಮಾತು ಮತ್ತೆ ಮುನ್ನೆಲೆಗೆ ಬಂದದ್ದು, ನಡುವಿನ ಹದಿನಾರು ವರ್ಷ ತಪಾಸಣೆ ಮಲಗಿತ್ತು ಎಂಬುದಕ್ಕೆ ಸಾಕ್ಷಿ.

ತಪಾಸಣೆ ನೆಲದ ಮೇಲೆಯೇ ಏಕೆ ಆಗಬೇಕು ಎಂಬುದಕ್ಕೆ ಚೆನ್ನೈನ ಮಣ್ಣೇ ಕಾರಣ. ಬೆಸೆಂಟ್‌ನಗರ, ತಿರುವಾನ್ಮಿಯೂರು ಕಡೆ ಕಡಲತೀರದ ಮರಳು. ಅಲ್ಲಿ ಸುಮ್ಮನೆ ಮಣ್ಣು ಬಿಟ್ಟರೂ ನೀರು ಇಳಿಯುತ್ತದೆ, ಮತ್ತು ಇಳಿಯದಿದ್ದರೆ ಸಮುದ್ರದ ಉಪ್ಪು ಒಳಗೆ ಬರುತ್ತದೆ. ಪಶ್ಚಿಮದ ಬಡಾವಣೆಗಳಲ್ಲಿ ಜೇಡಿ, ಅದರ ಕೆಳಗೆ ಎಲ್ಲೋ ಮರಳು. ಅಲ್ಲಿ ಮೂರಡಿಯ ಗುಂಡಿ ನೀರು ನಿಲ್ಲಿಸಿ ಸೊಳ್ಳೆ ಸಾಕುತ್ತದೆಯೇ ಹೊರತು ಇಂಗಿಸುವುದಿಲ್ಲ, ಜೇಡಿಯನ್ನು ದಾಟಿ ಹೋಗುವ ಇಂಗುಬಾವಿಯೇ ಬೇಕು. ಗಿಂಡಿ, ಸೇಂಟ್ ಥಾಮಸ್ ಮೌಂಟ್ ಸುತ್ತ ಗಟ್ಟಿ ಬಂಡೆ. ಅಲ್ಲಿನ ಲೆಕ್ಕವೇ ಬೇರೆ. ಕಚೇರಿಯಲ್ಲಿ ಕೂತು ಒಂದೇ ನಮೂನೆಯ ಚಿತ್ರಕ್ಕೆ ಮುದ್ರೆ ಒತ್ತುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ವಾರ್ಡಿನ ಎಂಜಿನಿಯರ್‌ಗೆ ಕಾಣಬೇಕು, ಏಕೆಂದರೆ ಆ ಬೀದಿಯಲ್ಲಿ ಚರಂಡಿಗೆ ಅಗೆದಾಗ ಯಾವ ಮಣ್ಣು ಬಂತೆಂದು ಅವರಿಗೆ ಗೊತ್ತಿರುತ್ತದೆ.

ಇನ್ನು ಈ ಕಥೆಯ ಅತ್ಯಂತ ನೋವಿನ ಭಾಗ, ನಮ್ಮ ರಾಜ್ಯದವರಿಗೂ ಚೆನ್ನಾಗಿ ಪರಿಚಯವಿರುವ ಅಕ್ರಮ–ಸಕ್ರಮ. 1971ರ ತಮಿಳುನಾಡು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಗೆ 1998ರಲ್ಲಿ 113–ಎ ಎಂಬ ಸೆಕ್ಷನ್ ಸೇರಿತು. 1999ರ ಫೆಬ್ರುವರಿ 28ಕ್ಕೆ ಮೊದಲು ನಿಯಮ ಮೀರಿ ಕಟ್ಟಿದವರು ಶುಲ್ಕ ಕಟ್ಟಿ ಸಕ್ರಮ ಮಾಡಿಸಿಕೊಳ್ಳಬಹುದು ಎಂಬುದು ಅದರ ಸಾರ. ಕನ್ಸೂಮರ್ ಆಕ್ಷನ್ ಗ್ರೂಪ್ ಎಂಬ ಸಂಘಟನೆ ಇದನ್ನು ಪ್ರಶ್ನಿಸಿತು. 2000ದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಒಂದೇ ಬಾರಿಯ ಕ್ರಮ ಎಂಬ ಕಾರಣಕ್ಕೆ ಸೆಕ್ಷನ್ನನ್ನು ಉಳಿಸಿತು. ಆದರೆ ಕಟ್ಟಡ ಕಟ್ಟಡಕ್ಕೂ ವಿನಾಯಿತಿ ಕೊಟ್ಟಿದ್ದ 62 ಸರ್ಕಾರಿ ಆದೇಶಗಳನ್ನು ರದ್ದು ಮಾಡಿತು. ‘ಒಂದೇ ಬಾರಿ’ ಎಂಬುದು ಎಷ್ಟು ಬಾರಿ ಆಯಿತು ನೋಡಿ. ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು. 2006ರ ಆಗಸ್ಟ್‌ನಲ್ಲಿ ಮದ್ರಾಸ್ ಹೈಕೋರ್ಟ್ ಆ ವಿಸ್ತರಣೆಗಳನ್ನು ತಳ್ಳಿಹಾಕಿತು. ಮರುವರ್ಷ ಸರ್ಕಾರ ಸುಗ್ರೀವಾಜ್ಞೆಯ ಮೊರೆ ಹೋಯಿತು. 2012ರಲ್ಲಿ 113–ಸಿ ಎಂಬ ಹೊಸ ಸೆಕ್ಷನ್ ಬಂತು, ದಿನಾಂಕ 2007ರ ಜುಲೈ 1ಕ್ಕೆ ಜಿಗಿಯಿತು. ಅದರ ಮಾರ್ಗಸೂಚಿ 2017ರಲ್ಲಿ ಹೊರಬಿತ್ತು. ಇಷ್ಟರ ನಡುವೆ ಟ್ರಾಫಿಕ್ ರಾಮಸ್ವಾಮಿಯಂಥ ಒಬ್ಬ ವೃದ್ಧರು ಕೋರ್ಟಿನ ಮೆಟ್ಟಿಲು ಹತ್ತುತ್ತಲೇ ಇದ್ದರು. ಅವರ ಹೋರಾಟದ ಫಲವಾಗಿ ಟಿ. ನಗರದ ಕೆಲವು ಕಟ್ಟಡಗಳಿಗೆ ಬೀಗ ಬಿತ್ತು, ಹಬ್ಬದ ವ್ಯಾಪಾರಕ್ಕೆಂದು ಬೀಗ ತೆರೆಯಿತು. ಈ ಎರಡು ದಶಕದ ಆಟ ನೋಡಿದ ಮನೆ ಕಟ್ಟುವವರು ಕಲಿತದ್ದು ಒಂದೇ: ಇಂದು ಜಾಗ ಬಿಟ್ಟವನಿಗೆ ನಷ್ಟ, ಕಟ್ಟಿಕೊಂಡವನಿಗೆ ನಾಳೆ ರಸೀದಿ.

ಸಕ್ರಮ ಎಂಬುದು ಬಡವರ ಮೇಲಿನ ಕರುಣೆ, ಸಾಲ ಮಾಡಿ ಕಟ್ಟಿದ ಮನೆಯನ್ನು ಒಡೆಯಲು ಆದೀತೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಅಡ್ಯಾರ್ ಮತ್ತು ಕೂವಂ ದಂಡೆಯ ಗುಡಿಸಲುಗಳನ್ನು ಬುಲ್ಡೋಜರ್ ತಂದು ಕಿತ್ತು, ಆ ಜನರನ್ನು ಊರಾಚೆಯ ಕಣ್ಣಗಿ ನಗರ, ಪೆರುಂಬಾಕ್ಕಂ ಕಡೆಗೆ ಸಾಗಿಸಿದ ಆಡಳಿತವೇ ನಾಲ್ಕು ಮಹಡಿಯ ಅಕ್ರಮಕ್ಕೆ ಶುಲ್ಕದ ಪಟ್ಟಿ ಮಾಡಿತ್ತು. ಹಾಗಾಗಿ ಕರುಣೆಯ ಹೆಸರು ಅಲ್ಲಿ ಸಲ್ಲದು. ಅರ್ಧ ಗ್ರೌಂಡಿನಲ್ಲಿ ಮೂರು ತಲೆಮಾರು ಬದುಕುವ ಕುಟುಂಬ ಒಂದು ಕೋಣೆ ಹೆಚ್ಚು ಕಟ್ಟಿಕೊಂಡಿದ್ದರೆ ಒಡೆಯಬೇಕಾಗಿಲ್ಲ. ಹಳೆಯ ಮನೆ ಉಳಿಯಲಿ. ಬದಲಿಗೆ ಚಾವಣಿಯ ನೀರು ಇಂಗಿಸಲು ಒಂದು ಬಾವಿ ತೋಡಲಿ, ಗೇಟಿನಿಂದ ಬಾಗಿಲವರೆಗಿನ ಸಿಮೆಂಟು ಕಿತ್ತು ಮಣ್ಣು ಬಿಡಲಿ, ಅದಕ್ಕೆ ಬೇಕಾದ ಸಹಾಯಧನವನ್ನು ಪಾಲಿಕೆ ಕೊಡಲಿ. ಲೋಪವನ್ನು ನೆಲದಲ್ಲೇ ಸರಿಪಡಿಸಿದರೆ ಊರಿಗೆ ಏನಾದರೂ ಸಿಗುತ್ತದೆ. ಖಜಾನೆಗೆ ಕಟ್ಟಿದ ದಂಡದಿಂದ ಪಕ್ಕದ ಮನೆಯ ಬಾವಿಗೆ ಒಂದು ಬಿಂದಿಗೆ ನೀರೂ ಬರುವುದಿಲ್ಲ. ಮಾರಲೆಂದೇ ಕಟ್ಟಿದ ಕಟ್ಟಡಗಳ ವಿಷಯ ಬೇರೆ. ಅಲ್ಲಿ ಬಿಲ್ಡರ್ ಲಾಭ ತೆಗೆದುಕೊಂಡು ಹೋಗಿರುತ್ತಾನೆ, ಶುಲ್ಕ ಕಟ್ಟುವವರು ಮನೆ ಕೊಂಡವರು. ಅಂಥ ಕಡೆ ಸಕ್ರಮದ ಮಾತೇ ಬೇಡ, ಹೊಣೆ ಕಟ್ಟಿದವನ ಮೇಲೆ ಬೀಳಬೇಕು.

ತಪಾಸಣೆ ಹೆಚ್ಚಾದಷ್ಟೂ ಲಂಚ ಹೆಚ್ಚುತ್ತದೆ ಎಂಬುದು ಎರಡನೇ ಆಕ್ಷೇಪ, ಮತ್ತು ಅದಕ್ಕೆ ತೂಕವಿದೆ. ಮನೆ ಕಟ್ಟಿದ ಯಾರನ್ನು ಕೇಳಿದರೂ ಮಂಜೂರಾತಿಗೆ ಅಲೆದ ಕಥೆ ಹೇಳುತ್ತಾರೆ. ತಮಿಳುನಾಡು ಸರ್ಕಾರ 2024ರ ಜುಲೈನಲ್ಲಿ ಇದಕ್ಕೊಂದು ಪರಿಹಾರ ತಂದಿತು. 2,500 ಚದರ ಅಡಿವರೆಗಿನ ನಿವೇಶನದಲ್ಲಿ 3,500 ಚದರ ಅಡಿವರೆಗಿನ, ನೆಲಮಾಳಿಗೆಯಿಲ್ಲದ ಸಾದಾ ಒಂದು ಮಹಡಿಯ ಮನೆ ಕಟ್ಟುವವರು ತಾವೇ ಪ್ರಮಾಣೀಕರಿಸಿ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿದರೆ ಅನುಮತಿ ಕೂಡಲೇ ಸಿಗುತ್ತದೆ. ಒಳ್ಳೆಯ ಹೆಜ್ಜೆ. ಕಟ್ಟುವ ಮೊದಲೇ ಪ್ರಜೆಯನ್ನು ಕಳ್ಳನಂತೆ ಕಾಣುವ ಪದ್ಧತಿ ಹೋಗಬೇಕಿತ್ತು. ಆದರೆ ಮುಂಬಾಗಿಲಿನ ಕಾವಲು ತೆಗೆದ ಸರ್ಕಾರ ಹಿಂಬಾಗಿಲಿನದನ್ನೂ ತೆಗೆಯುತ್ತಿದೆ. ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಬೇಡ ಎಂಬ ವಿನಾಯಿತಿ ಮೊದಲು ಮೂರು ಮನೆಗಳ ಕಟ್ಟಡದವರೆಗೆ ಇತ್ತು. ಈಚೆಗೆ ಅದನ್ನು 750 ಚದರ ಮೀಟರ್ ಮೀರದ ಎಂಟು ಮನೆಗಳ ಕಟ್ಟಡದವರೆಗೆ ವಿಸ್ತರಿಸಲಾಗಿದೆ. ಒಂದು ಗ್ರೌಂಡಿನಲ್ಲಿ ಎಂಟು ಮನೆ ಕಟ್ಟಿ ಮಾರುವವನು ಸ್ವಂತಕ್ಕೆ ಮನೆ ಕಟ್ಟುವವನಲ್ಲ. ಸುತ್ತಲಿನ ಮಣ್ಣು ಅತಿ ಹೆಚ್ಚು ನುಂಗಿಹೋಗುವುದು ಇದೇ ಅಳತೆಯ ಕಟ್ಟಡಗಳಲ್ಲಿ. ಅದನ್ನು ಒಮ್ಮೆಯೂ ಅಳೆಯದೆ ನೀರು–ವಿದ್ಯುತ್ ಕೊಡುವುದೆಂದರೆ ನಿಯಮವನ್ನೇ ಕೈಬಿಟ್ಟಂತೆ.

ಕಾಗದ ನಂಬಿದರೆ ಏನಾಗುತ್ತದೆ ಎಂಬುದನ್ನು ಚೆನ್ನೈ ಹೆಣಗಳ ಲೆಕ್ಕದಲ್ಲಿ ಕಂಡಿದೆ. 2014ರ ಜೂನ್ 28ರಂದು ಮೌಲಿವಾಕ್ಕಂನಲ್ಲಿ ನಿರ್ಮಾಣ ಹಂತದಲ್ಲಿದ್ದ 11 ಅಂತಸ್ತಿನ ವಸತಿ ಕಟ್ಟಡ ಮಳೆಯ ನಡುವೆ ಕುಸಿದು 61 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಕೆಲಸ ಹುಡುಕಿಕೊಂಡು ಬಂದಿದ್ದ ಕಾರ್ಮಿಕರು. ಆ ಕಟ್ಟಡಕ್ಕೆ ಯೋಜನಾ ಪ್ರಾಧಿಕಾರದ ಅನುಮತಿ ಇತ್ತು. ನ್ಯಾಯಮೂರ್ತಿ ರಘುಪತಿ ಆಯೋಗ ವಿಚಾರಣೆ ನಡೆಸಿತು. ಜೊತೆಯಲ್ಲಿ ನಿಂತಿದ್ದ ಇನ್ನೊಂದು ಗೋಪುರವನ್ನು 2016ರ ನವೆಂಬರ್‌ನಲ್ಲಿ ಸ್ಫೋಟಕ ಇಟ್ಟು ಬೀಳಿಸಲಾಯಿತು. ಅಡಿಪಾಯ ಅಗೆದ ದಿನ ಅಲ್ಲಿನ ಮಣ್ಣು ಎಷ್ಟು ಭಾರ ತಡೆದೀತೆಂದು ನೋಡಬೇಕಾದ ಕಣ್ಣು ಅಲ್ಲಿರಲಿಲ್ಲ. ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ 2024ರ ಅಕ್ಟೋಬರ್ 22ರಂದು ನಿರ್ಮಾಣ ಹಂತದ ಕಟ್ಟಡ ಕುಸಿದು ಒಂಬತ್ತು ಮಂದಿ ಸತ್ತಾಗಲೂ, ಮಂಜೂರಾತಿ ಮೀರಿ ಮಹಡಿ ಏರುತ್ತಿದ್ದುದನ್ನು ಬೀದಿಯವರೆಲ್ಲ ನೋಡಿದ್ದರು. ಲಂಚಕ್ಕೆ ಹೆದರಿ ತಪಾಸಣೆಯನ್ನೇ ಬಿಟ್ಟರೆ ಇಂಥ ಕಟ್ಟಡಗಳಿಗೆ ತಡೆಯೇ ಇರುವುದಿಲ್ಲ. ಲಂಚ ಹುಟ್ಟುವುದು ಅಧಿಕಾರಿಯೊಬ್ಬನೇ ತೀರ್ಮಾನಿಸುವ, ಯಾರಿಗೂ ಕಾಣದ ತಪಾಸಣೆಯಲ್ಲಿ. 2024ರ ಡಿಸೆಂಬರ್ 17ರಂದು ಮೀರಠ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇದಕ್ಕೆ ದಾರಿ ತೋರಿಸಿದೆ: ಮಂಜೂರಾದ ನಕ್ಷೆಯನ್ನು ಕಟ್ಟುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು, ಅಧಿಕಾರಿಗಳು ಆಗಾಗ ಬಂದು ನೋಡಿದ್ದನ್ನು ದಾಖಲಿಸಬೇಕು, ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ನೀರು, ವಿದ್ಯುತ್, ಒಳಚರಂಡಿ ಸಂಪರ್ಕ ಕೊಡಬಾರದು. ಪಕ್ಕದ ಮನೆಯವರು ಫಲಕ ಓದಿ ಟೇಪು ಹಿಡಿದು ಅಳೆಯಬಲ್ಲರೆಂದಾದರೆ ಲಂಚಕ್ಕೆ ಸಿಗುವ ಸರಕು ಕಡಿಮೆ.

ನನ್ನ ಜಾಗದಲ್ಲಿ ನಾನು ಟೈಲ್ಸ್ ಹಾಕಿದರೆ ಪಾಲಿಕೆಗೇನು ಎಂಬ ಮಾತು ಮೂರನೆಯದು. ಅದರ ಜೊತೆಗೇ ಬರುವ ಇನ್ನೊಂದು ವಾದ, ಚೆನ್ನೈನಂಥ ಊರಿನಲ್ಲಿ ಜಾಗದ ಬೆಲೆ ಈ ಮಟ್ಟದಲ್ಲಿರುವಾಗ ಮೂರಡಿ ಮಣ್ಣು ಬಿಡುವುದು ಐಷಾರಾಮ ಎಂಬುದು. ಅಂತರ್ಜಲಕ್ಕೆ ಕಾಂಪೌಂಡ್ ಇಲ್ಲ ಎಂಬುದು ಮೊದಲನೆಯದಕ್ಕೆ ಉತ್ತರ. ತನ್ನ ಅಂಗಳ ಮುಚ್ಚಿದವನು ಬೋರ್‌ವೆಲ್‌ನಿಂದ ಎತ್ತುವುದು ನೆರೆಯವನು ಇಂಗಿಸಿದ ನೀರನ್ನು, ಮಳೆಯ ರಾತ್ರಿ ಬೀದಿಗೆ ಬಿಡುವುದು ತಗ್ಗಿನ ಮನೆಯವನ ಪಾಲಿನ ಪ್ರವಾಹವನ್ನು. ಜಾಗದ ಬೆಲೆಯ ವಾದಕ್ಕೆ ಸರ್ಕಾರವೇ ಸಾಕಷ್ಟು ಪರಿಹಾರ ಕೊಟ್ಟಿದೆ: 2019ರ ನಿಯಮಗಳು ಸಾಮಾನ್ಯ ಕಟ್ಟಡಗಳ ನೆಲವಿಸ್ತೀರ್ಣ ಅನುಪಾತವನ್ನು ಒಂದೂವರೆಯಿಂದ ಎರಡಕ್ಕೆ ಏರಿಸಿದವು. ಒಂದು ಗ್ರೌಂಡಿನಲ್ಲಿ ಮೊದಲು 3,600 ಚದರ ಅಡಿ ಕಟ್ಟಬಹುದಿದ್ದಲ್ಲಿ ಈಗ 4,800. ಎತ್ತರಕ್ಕೆ ಹೋಗಲು ಅಷ್ಟು ಅವಕಾಶ ಪಡೆದ ಮೇಲೆ ಪಕ್ಕದಲ್ಲಿ ಮಣ್ಣು ಬಿಡು ಎಂದು ಕೇಳುವುದು ಹೆಚ್ಚಲ್ಲ. ಮನೆಯ ಸಂಖ್ಯೆಗೂ ಬಯಲಿನ ಮಣ್ಣಿಗೂ ನಿಜಕ್ಕೂ ಜಗಳವಿಲ್ಲ. ಜಗಳ ಇರುವುದು ಕಾರು ನಿಲ್ಲಿಸುವ ಜಾಗಕ್ಕೂ ಮಣ್ಣಿಗೂ. ಮೆಟ್ರೊ ನಿಲ್ದಾಣದ ಹತ್ತಿರ ಒಂದೊಂದು ಮನೆಗೂ ಕಾರಿನ ಜಾಗ ಕಡ್ಡಾಯ ಎನ್ನುವ ನಿಯಮ ಸಡಿಲಿಸಿ ಆ ನೆಲವನ್ನು ಮಣ್ಣಾಗಿ ಉಳಿಸಿದರೆ ಬಿಲ್ಡರ್‌ಗಳೂ ಬೇಡವೆನ್ನಲಾರರು.

ಮೇಲ್ವಿಚಾರಣೆಗೂ ಒಂದು ಮಿತಿ ಇರಬೇಕು, ಅದನ್ನು ಇಲ್ಲಿ ಹೇಳಲೇಬೇಕು. ಮನೆಗೆ ಯಾವ ಬಣ್ಣ, ಅಂಗಳದಲ್ಲಿ ಯಾವ ಹೂವು, ಹುಲ್ಲು ಎಷ್ಟು ಉದ್ದ ಎಂದು ಹೇಳುವುದು ಆಡಳಿತದ ಕೆಲಸವಲ್ಲ. ಅಮೆರಿಕದ ಎಷ್ಟೋ ಪಟ್ಟಣಗಳು ಹುಲ್ಲುಹಾಸು ನೀಟಾಗಿಲ್ಲವೆಂದು ದಂಡ ಹಾಕುತ್ತ ಬಂದವು. ಕೊನೆಗೆ ನೀರಿಲ್ಲದ ನೆವಾಡ ರಾಜ್ಯ 2021ರಲ್ಲಿ ಲಾಸ್ ವೇಗಸ್ ಭಾಗದಲ್ಲಿ ಬರೀ ಅಂದಕ್ಕೆಂದು ಬೆಳೆಸಿದ ಹುಲ್ಲನ್ನು ತೆಗೆಸುವ ಕಾನೂನು ಮಾಡಬೇಕಾಯಿತು. ಸಿಂಗಪುರ 2009ರಿಂದ ಹಿಡಿದ ದಾರಿ ಹೆಚ್ಚು ವಿವೇಕದ್ದು. ಕಟ್ಟಡ ನುಂಗಿದ ಹಸಿರಿಗೆ ಸಮನಾದ ಹಸಿರನ್ನು ಅದೇ ನಿವೇಶನದಲ್ಲಿ, ನೆಲದಲ್ಲೋ ಚಾವಣಿಯಲ್ಲೋ, ಮರಳಿ ಕೊಡಬೇಕೆಂದು ಅದು ಕೇಳುತ್ತದೆ. ಯಾವ ಗಿಡ ಎಂಬುದು ಮಾಲೀಕರಿಗೆ ಬಿಟ್ಟದ್ದು. ಗಿಡಕ್ಕಿಂತ ಅದರ ಬುಡದ ಮಣ್ಣು ಮುಖ್ಯ ಎಂಬ ಪಾಠ ಚೆನ್ನೈಗೆ 2016ರ ಡಿಸೆಂಬರ್ 12ರಂದೇ ಸಿಕ್ಕಿದೆ. ವರದಾ ಚಂಡಮಾರುತಕ್ಕೆ ಒಂದೇ ದಿನದಲ್ಲಿ ಸಾವಿರಾರು ಮರಗಳು ಉರುಳಿದವು. ಬೇರು ಹರಡಲು ಮಣ್ಣಿಲ್ಲದೆ ಬುಡಕ್ಕೆ ಸಿಮೆಂಟು ಮೆತ್ತಿಸಿಕೊಂಡ ಮರ ಗಾಳಿಗೆ ನಿಲ್ಲುವುದಿಲ್ಲ. ಉದ್ಯಾನದ ಮಾನದಂಡ ಎಂದರೆ ಇಷ್ಟೇ ಇರಲಿ: ಇಷ್ಟು ಚದರ ಅಡಿ ನೀರು ಕುಡಿಯುವ ನೆಲ, ಇಷ್ಟು ಆಳದ ಮಣ್ಣು. ಉಳಿದದ್ದು ಮನೆಯವರ ಅಭಿರುಚಿ.

ಯಾರು ನೋಡಬೇಕು? ಚೆನ್ನೈನಲ್ಲಿ ದೊಡ್ಡ ಕಟ್ಟಡಗಳ ಅನುಮತಿ ಮಹಾನಗರ ಅಭಿವೃದ್ಧಿ ಪ್ರಾಧಿಕಾರದ್ದು, ಚಿಕ್ಕವು ಪಾಲಿಕೆಯದ್ದು. ಏನಾದರೂ ತಪ್ಪಾದಾಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಪಾಲಿಕೆ 1688ರಷ್ಟು ಹಳೆಯದು, ದೇಶದಲ್ಲೇ ಮೊದಲನೆಯದು. ಅದರ ವ್ಯಾಪ್ತಿ 2011ರಲ್ಲಿ 174 ಚದರ ಕಿಲೋಮೀಟರಿನಿಂದ 426ಕ್ಕೆ ಹಿಗ್ಗಿತು. 2016ರಿಂದ 2022ರ ಆರಂಭದವರೆಗೆ, ಬರಗಾಲವೂ ಸಕ್ರಮದ ಹೊಸ ಮಾರ್ಗಸೂಚಿಯೂ ಬಂದ ಅದೇ ಅವಧಿಯಲ್ಲಿ, ಅಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಈಗ 200 ವಾರ್ಡುಗಳಿಗೆ ಸದಸ್ಯರಿದ್ದಾರೆ, ವಾರ್ಡ್ ಸಮಿತಿ ಮತ್ತು ಏರಿಯಾ ಸಭೆಗಳಿಗೆ ನಿಯಮವೂ ಇದೆ. ಲಕ್ಷಾಂತರ ಮನೆ ನೋಡಲು ಸಿಬ್ಬಂದಿ ಎಲ್ಲಿದ್ದಾರೆ ಎಂದು ಕೇಳುವವರಿಗೆ ಹೇಳುವುದಿಷ್ಟೇ: ಎಲ್ಲ ಮನೆಯನ್ನೂ ಎಲ್ಲ ವರ್ಷವೂ ನೋಡಬೇಕಾಗಿಲ್ಲ. ಹೊಸ ಕಟ್ಟಡವನ್ನು ಎರಡು ಬಾರಿ, ಅಡಿಪಾಯ ತೆಗೆದಾಗ ಮತ್ತು ಒಕ್ಕಲು ಬರುವ ಮುಂಚೆ. ಹಳೆಯವನ್ನು ಚೀಟಿ ಎತ್ತಿದಂತೆ ಅಲ್ಲೊಂದು ಇಲ್ಲೊಂದು, ಹಿಂಗಾರಿಗೆ ಮುಂಚಿನ ಸೆಪ್ಟೆಂಬರ್‌ನಲ್ಲಿ. ಆಸ್ತಿ ತೆರಿಗೆಗೆಂದು ಮನೆ ಅಳೆಯುವ ಸಿಬ್ಬಂದಿ ಹೇಗೂ ಬರುತ್ತಾರೆ. ಕಟ್ಟಿದ್ದನ್ನು ಅಳೆಯುವವರು ಕಟ್ಟದೆ ಬಿಟ್ಟದ್ದನ್ನೂ ಅಳೆಯಲಿ, ಬಿಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗಲಿ. ನಿಯಮ ಪಾಲಿಸಿದವನಿಗೆ ಇಂದಿಗೂ ಏನೂ ಸಿಗುತ್ತಿಲ್ಲ ಎಂಬುದು ಈ ವ್ಯವಸ್ಥೆಯ ದೊಡ್ಡ ಅನ್ಯಾಯ.

ಇದನ್ನೆಲ್ಲ ಕನ್ನಡದ ಓದುಗರ ಮುಂದೆ ಇಡಲು ಕಾರಣವಿದೆ. ವಸತಿ ಕಟ್ಟಡದಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ಸಕ್ರಮ ಮಾಡುವ ನಮ್ಮ ಯೋಜನೆ 2017ರ ಜನವರಿಯಿಂದ ಸುಪ್ರೀಂ ಕೋರ್ಟಿನ ತಡೆಯಲ್ಲಿತ್ತು. ಬೆಂಗಳೂರಿನಲ್ಲಿ 2009ರಿಂದ ಮಳೆನೀರು ಸಂಗ್ರಹ ಕಡ್ಡಾಯ. ಮಾಡದವರಿಗೆ ನೀರಿನ ಬಿಲ್ಲಿನಲ್ಲಿ ದಂಡ ಬರುತ್ತದೆ, ದಂಡ ಕಟ್ಟಿಕೊಂಡು ಸುಮ್ಮನಿರುವವರು ಬಹಳ. ಚೆನ್ನೈ 2003ರಲ್ಲಿ ಮಾಡಿದ್ದಕ್ಕೂ ಇದಕ್ಕೂ ಇರುವ ಅಂತರ ಇದೇ. ಪೂರ್ಣಗೊಂಡ ಪ್ರಮಾಣಪತ್ರದ ತೀರ್ಪಿನ ನಂತರ ವಿದ್ಯುತ್ ಸಂಪರ್ಕ ಸಿಗದೆ ಜನ ಪರದಾಡಿದಾಗ, 1,200 ಚದರ ಅಡಿವರೆಗಿನ ನಿವೇಶನಗಳಿಗೆ ಸ್ವಾಧೀನಾನುಭವ ಪತ್ರದಿಂದ ವಿನಾಯಿತಿ ಕೊಡಲು ನಮ್ಮ ಸರ್ಕಾರ ಮುಂದಾಯಿತು. ಸಣ್ಣ ಮನೆಯವರ ಕಷ್ಟ ನಿಜ. ಪತ್ರದ ಅಲೆದಾಟ ತಪ್ಪಿಸಿ, ಆದರೆ ಇಂಗುಬಾವಿ ನೋಡದೆ ಮೀಟರ್ ಕೊಡಬೇಡಿ ಎಂದು ಐದು ಹೊಸ ಪಾಲಿಕೆಗಳ ಗ್ರೇಟರ್ ಬೆಂಗಳೂರಿನಲ್ಲಿ ಈಗಲೇ ಕೇಳಬೇಕು. ಉಪನಿಯಮಗಳು ಇನ್ನೂ ರೂಪುಗೊಳ್ಳುತ್ತಿರುವ ಹೊತ್ತಿದು. ಚೆನ್ನೈನಲ್ಲಿಯೂ ಎರಡನೇ ಮಹಾಯೋಜನೆಯ ಅವಧಿ 2026ಕ್ಕೆ ಮುಗಿಯುತ್ತದೆ, ಮೂರನೆಯದರ ಸಿದ್ಧತೆ ನಡೆದಿದೆ. ಅದರಲ್ಲಿ ಮೂರು ಸಾಲು ಸೇರಬೇಕು. ನಿವೇಶನದ ಮಣ್ಣಿನ ಪಾಲಿಗೆ ಶುಲ್ಕದ ಸಕ್ರಮ ಅನ್ವಯಿಸುವುದಿಲ್ಲ. ಎಂಟು ಮನೆಗಳ ಕಟ್ಟಡಕ್ಕೆ ಕೊಟ್ಟ ವಿನಾಯಿತಿ ವಾಪಸ್. ಪ್ರತಿ ಸೆಪ್ಟೆಂಬರ್‌ನ ತಪಾಸಣೆಯ ಫಲಿತಾಂಶ, ಬೀದಿಯ ಹೆಸರಿನೊಂದಿಗೆ, ವಾರ್ಡ್ ಕಚೇರಿಯ ಗೋಡೆಯ ಮೇಲೆ.